ಕರೆಂಟು ಹೋದಾಗ ಸಿಕ್ಕ ಫೀನಾಲ್

ಜುಲೈ ತಿಂಗಳು. ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಎಂ.ಎಸ್ಸಿ. ಪ್ರಾಜೆಕ್ಟ್ ಮುಗಿಸಲು ಕೆಲವೇ ವಾರ ಉಳಿದಿತ್ತು. ಪೆಟ್ರೋಲಿಯಂನಿಂದ ಸಿಗುವ ಬೆಂಜೀನ್ ಎಂಬ ದ್ರವವನ್ನು ಒಂದೇ ಹಂತದಲ್ಲಿ ಫೀನಾಲ್, ಅಂದರೆ ಪ್ಲಾಸ್ಟಿಕ್ ತಯಾರಿಗೆ ಬೇಕಾಗುವ ರಾಸಾಯನಿಕ, ಮಾಡಬೇಕು, ಅದು ನನ್ನ ಕೆಲಸ.

ಕಾರ್ಖಾನೆಗಳಲ್ಲಿ ಇದಕ್ಕೆ ಸುತ್ತುದಾರಿ. ಬೆಂಜೀನಿಗೆ ಪ್ರೊಪಿಲೀನ್ ಸೇರಿಸಿ ಕ್ಯೂಮೀನ್ ಮಾಡುತ್ತಾರೆ. ಅದಕ್ಕೆ ಗಾಳಿ ಹಾಯಿಸಿ ಪೆರಾಕ್ಸೈಡ್ ಮಾಡಿ, ಆಮೇಲೆ ಆಸಿಡ್ ಹಾಕಿ ಒಡೆಯುತ್ತಾರೆ. ಒಂದು ಕಿಲೋ ಫೀನಾಲ್ ಜೊತೆ ಸುಮಾರು 600 ಗ್ರಾಂ ಅಸಿಟೋನ್ ಬಂದೇ ಬರುತ್ತದೆ, ಬೇಕಿರಲಿ ಬೇಡದಿರಲಿ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ನೇರವಾಗಿ ಮಾಡಿದರೆ ಜೊತೆಗೆ ಬರುವುದು ಬರೀ ನೀರು. ಎಷ್ಟು ಚೆಂದ ಅಲ್ವಾ? ಆ ಚೆಂದಕ್ಕೇ ನಾನು ಈ ವಿಷಯ ಆರಿಸಿಕೊಂಡಿದ್ದೆ.

ಕ್ರಿಯೆಯನ್ನು ಚುರುಕು ಮಾಡುವ ಕ್ಯಾಟಲಿಸ್ಟ್ ಟಿಎಸ್-1, ಅಂದರೆ ಟೈಟಾನಿಯಂ ಸಿಲಿಕಲೈಟ್. 1983ರಲ್ಲಿ ಇಟಲಿಯವರು ಪೇಟೆಂಟ್ ಪಡೆದ ಬಿಳಿ ಪುಡಿ. ಪೆರಾಕ್ಸೈಡ್ ತಾಗಿದ ಕೂಡಲೇ ಅದು ಹಳದಿಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಆದರೆ 60 ಡಿಗ್ರಿಯಲ್ಲಿ ಆರು ಗಂಟೆ ಇಟ್ಟಾಗಲೆಲ್ಲ ಕೊನೆಗೆ ಸಿಗುತ್ತಿದ್ದದ್ದು ಕಂದು ಬಣ್ಣದ ಕೊಳಕು.

ಆ ದಿನ ಬೆಳಿಗ್ಗೆ ಶುರುಮಾಡಿ ಒಂದೂವರೆ ಗಂಟೆ ಆಗಿರಬೇಕು, ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಹೊಗೆ, ಆವಿಯನ್ನು ಹೊರಗೆ ಎಳೆಯುವ ಹುಡ್‌ನ ಫ್ಯಾನ್ ನಿಂತಿತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಸುಮ್ನೆ ಕೂರುವಂತಿಲ್ಲ. ಫ್ಲಾಸ್ಕನ್ನು ಬಿಸಿ ಎಣ್ಣೆಯಿಂದ ಎತ್ತಿ ಐಸಿಗೆ ಇಟ್ಟೆ. ಸ್ವಲ್ಪ ದ್ರಾವಣ ಸೋಸಿ ಎತ್ತಿಟ್ಟು, ಮುಚ್ಚಿ ಹೊರಗೆ ಬಂದೆ. ಬೇಸರಕ್ಕೆ ಅಳುವೇ ಬಂದಿತ್ತು. ಮಧ್ಯಾಹ್ನ ಕರೆಂಟು ಬಂದ ಮೇಲೆ ಉಳಿದದ್ದನ್ನು ಆರು ಗಂಟೆ ಪೂರ್ತಿ ಮಾಡಿದೆ.

ಮರುದಿನ ಎರಡಕ್ಕೂ ಫೆರಿಕ್ ಕ್ಲೋರೈಡ್ ಹಾಕಿದೆ. ಫೀನಾಲ್ ಇದ್ದರೆ ಅದು ನೇರಳೆ ಬಣ್ಣ ಕೊಡುತ್ತದೆ. ಪೂರ್ತಿ ಬೆಂದದ್ದು ಹಸಿರು ಬೆರೆತ ಕೆಸರಿನಂತಾಯಿತು. ಸೋಸಿಟ್ಟ ತಿಳಿ ದ್ರಾವಣ ಮಾತ್ರ ನೇರಳೆಯಾಯಿತು. ಫೀನಾಲ್!

ಆಗ ಅರ್ಥವಾಯಿತು. ಬೆಂಜೀನ್ ಉಂಗುರ ಬಹಳ ಗಟ್ಟಿ, ಅದಕ್ಕೆ ಮೊದಲ ಆಮ್ಲಜನಕ ಕೂರಿಸುವುದೇ ಕಷ್ಟ. ಕೂತ ಮೇಲೆ ಕಥೆ ತಿರುಗುತ್ತದೆ. ಫೀನಾಲ್ ಬೆಂಜೀನಿಗಿಂತ ಬೇಗ ಆಕ್ಸಿಡೈಸ್ ಆಗುತ್ತದೆ. ಕ್ಯಾಟಿಕಾಲ್, ಹೈಡ್ರೋಕ್ವಿನೋನ್ ಆಗಿ, ಕೊನೆಗೆ ಡಾಂಬರಿನಂಥ ಟಾರ್ ಆಗಿಬಿಡುತ್ತದೆ. ನಾನು ಇಷ್ಟು ದಿನ ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಸಿಗುತ್ತದೆ ಅಂದುಕೊಂಡು, ಸಿಕ್ಕಿದ್ದನ್ನೂ ಸುಡುತ್ತಿದ್ದೆ.

ಲ್ಯಾಬಿನ ಅಟೆಂಡರ್ ಅಣ್ಣನ ಮನೆಯಲ್ಲಿ ತೋಟವಿದೆ. ಎರಡು ಟ್ಯೂಬನ್ನೂ ನೋಡಿ, "ಕಾಫಿ ಬೀಜ ಹುರಿದ ಹಾಗಲ್ವಾ ಅಮ್ಮ? ಕೆಂಪಾಗೋಕೆ ಕಾಯಬೇಕು, ಕಪ್ಪಾಗೋಕೆ ಕಾಯಬೇಕಾಗಿಲ್ಲ" ಅಂದರು.

ಪ್ರಾಜೆಕ್ಟ್ ಗೈಡ್ ಮೇಡಂಗೆ ತೋರಿಸಿದೆ. "ಬೆಂಜೀನ್ ಉಳಿದರೆ ಉಳಿಯಲಿ, ಅದನ್ನು ಮತ್ತೆ ಬಳಸಬಹುದು. ಪೆರಾಕ್ಸೈಡನ್ನೂ ಕಡಿಮೆ ಮಾಡು" ಅಂದರು.

ಮುಂದಿನ ವಾರ ಕರೆಂಟು ಹೋಗಲಿಲ್ಲ. ಒಂದೂವರೆ ಗಂಟೆಗೆ ನಾನೇ ಸ್ವಿಚ್ ಆರಿಸಿದೆ.