ನೂರಕ್ಕೆ ನೂರಾ ಒಂಬತ್ತು

ಬಿ.ಎ.ಯಲ್ಲಿ ಸಮಾಜಶಾಸ್ತ್ರ ತಗೊಂಡವರಿಗೆ ಥಿಯರಿ ಪೇಪರ್ ಎಷ್ಟು ಬೋರು ಅಂತ ಹೇಳಬೇಕಾಗಿಲ್ಲ. ನಮ್ಮ ಕಾಲದಲ್ಲಂತೂ ಅದು ಪೂರ್ತಿ ಬಾಯಿಪಾಠ. ಗೈಡ್‌ನಲ್ಲಿ ಮೊದಲು ಪೀಠಿಕೆ, ಆಮೇಲೆ ಸಿದ್ಧಾಂತ, ಕೊನೆಗೆ ‘ಟೀಕೆಗಳು’. ಏಕಮುಖವಾಗಿದೆ, ಉತ್ಪ್ರೇಕ್ಷೆಯಿಂದ ಕೂಡಿದೆ, ಎಲ್ಲ ಸಮಾಜಗಳಿಗೂ ಅನ್ವಯಿಸುವುದಿಲ್ಲ. ಸಮಾಜಶಾಸ್ತ್ರದ ಹಿರಿಯ ಚಿಂತಕರಾದ ಮಾರ್ಕ್ಸ್‌ಗೂ ಅದೇ, ಡರ್ಕೈಮ್‌ಗೂ ಅದೇ, ವೆಬರ್‌ಗೂ ಅದೇ!

ನಮ್ಮ ಮೇಡಂ ಆ ಪಟ್ಟಿಗೆ ಅಂಕ ಕೊಡುತ್ತಿರಲಿಲ್ಲ. ಅವರು ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ: ‘ಇದು ಇವನಿಗೆ ಹೇಗೆ ಗೊತ್ತಾಯ್ತು?’

ವೆಬರ್ ಪಾಠದ ದಿನ ಬೋರ್ಡ್ ಮೇಲೆ ಮೂರು ಅಂಕಿ ಬರೆದರು. 69, 31, 9. ಪ್ರೊಟೆಸ್ಟೆಂಟ್ ಧರ್ಮದ ನಂಬಿಕೆಗಳಿಗೂ ಬಂಡವಾಳಶಾಹಿ ಮನೋಭಾವಕ್ಕೂ ನಂಟಿದೆ ಅಂತ ವೆಬರ್ 1904-05ರಲ್ಲಿ ಬರೆದ. ಜರ್ಮನಿಯ ಬಾಡೆನ್ ಪ್ರಾಂತ್ಯದ ಒಂದು ಬಗೆಯ ಹೈಸ್ಕೂಲುಗಳಲ್ಲಿ ಶೇಕಡಾ ಎಷ್ಟು ಪ್ರೊಟೆಸ್ಟೆಂಟ್, ಎಷ್ಟು ಕ್ಯಾಥೊಲಿಕ್, ಎಷ್ಟು ಯಹೂದಿ ಮಕ್ಕಳು ಅನ್ನುವ ಲೆಕ್ಕ ಇದು, ಆ ನಂಟಿಗೆ ಆಧಾರವಾಗಿ ಅವನ ಅಡಿಟಿಪ್ಪಣಿಯಲ್ಲಿದೆ. ಕೂಡಿಸಿ ಅಂದರು ಮೇಡಂ. ಕೂಡಿಸಿದೆವು. 109 ಬಂತು! ಶೇಕಡಾ ಅಂದ ಮೇಲೆ ನೂರು ಬರಬೇಕು, ಅಲ್ವಾ? 69 ಇದ್ದದ್ದು 59 ಇರಬೇಕಿತ್ತಂತೆ. ಮಾರ್ಟಿನ್ ಆಫೆನ್‌ಬಾಕರ್ ಅನ್ನುವವರ ಅಧ್ಯಯನದಲ್ಲಿದ್ದ ತಪ್ಪು ಹಾಗೇ ವೆಬರ್ ಪುಟಕ್ಕೂ ಬಂದಿತ್ತು. ಇದನ್ನು ಎತ್ತಿ ತೋರಿಸಿದವರು ಸ್ವೀಡನ್ನಿನ ಆರ್ಥಿಕ ಇತಿಹಾಸಕಾರ ಕುರ್ಟ್ ಸ್ಯಾಮುಯೆಲ್ಸನ್, 1957ರಲ್ಲಿ. ಅಲ್ಲಿಯವರೆಗೆ ಎಷ್ಟು ಜನ ಆ ಪುಟ ಓದಿ ಹಾಗೇ ಮುಂದೆ ಹೋಗಿರಬಹುದು ನೋಡಿ. ಸ್ಯಾಮುಯೆಲ್ಸನ್ ಅವರ ಇನ್ನೊಂದು ಮಾತು ಇದಕ್ಕಿಂತ ಗಟ್ಟಿ: ಆ ಶಾಲೆಗಳಿದ್ದ ಊರುಗಳಲ್ಲೇ ಪ್ರೊಟೆಸ್ಟೆಂಟರು ಜಾಸ್ತಿ ಇದ್ದರು, ಹಾಗಿದ್ದ ಮೇಲೆ ಶಾಲೆಯಲ್ಲೂ ಅವರೇ ಜಾಸ್ತಿ ಇರುವುದರಲ್ಲಿ ವಿಶೇಷ ಏನು?

ಇಷ್ಟಕ್ಕೇ ವೆಬರ್ ಬಿದ್ದುಹೋದ ಅಂತ ಮೇಡಂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಲೆಕ್ಕ ಎಲ್ಲಿಂದ ತಂದೆ ಅಂತ ಅವನೇ ಬರೆದಿಟ್ಟಿದ್ದರಿಂದ ತಾನೇ ಸಿಕ್ಕಿಬಿದ್ದದ್ದು.

ಆಮೇಲೆ ಬಾಗಲಕೋಟೆ ಕಡೆಯ ಗೆಳೆಯನೊಬ್ಬ ಎದ್ದು ನಿಂತ. ಭಾರತದ ಧರ್ಮಗಳ ಬಗ್ಗೆಯೂ ವೆಬರ್ ಬರೆದಿದ್ದಾನೆ, ಭಾರತಕ್ಕೆ ಒಮ್ಮೆಯೂ ಬರದೆ, ಅನುವಾದ, ಜನಗಣತಿ ವರದಿ, ಗೆಜೆಟಿಯರ್ ಓದಿಕೊಂಡು. ಕರ್ಮ ಮತ್ತು ಜಾತಿಯ ನಂಬಿಕೆ ಜನರನ್ನು ಹಳೆಯ ಕಸುಬಿಗೇ ಕಟ್ಟಿಹಾಕಿತು ಅನ್ನುವುದು ಅವನ ವಾದ. ಗೆಳೆಯ ಕೇಳಿದ: ‘ಮೇಡಂ, ಹನ್ನೆರಡನೇ ಶತಮಾನದಲ್ಲೇ ನಮ್ಮ ಶರಣರು ಕಾಯಕವೇ ಕೈಲಾಸ ಅಂದ್ರಲ್ಲ, ಅದು ಲೆಕ್ಕಕ್ಕಿಲ್ವಾ?’ ಕ್ಲಾಸ್ ಪೂರ್ತಿ ಅವನ ಕಡೆ. ಮೇಡಂ ತಲೆಯಾಡಿಸಿ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ಗಂಡ ಮಾರಯ್ಯ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದರೆ, ವಾಪಸ್ ಹಾಕಿ ಬಾ ಅಂತ ಕಳಿಸಿದವಳು ಅವಳು. ವೆಬರ್ ಹೇಳುವ ಪ್ರೊಟೆಸ್ಟೆಂಟ್ ದುಡಿದು, ಖರ್ಚು ಮಾಡದೆ, ಉಳಿದದ್ದನ್ನು ಮತ್ತೆ ವ್ಯಾಪಾರಕ್ಕೆ ಹಾಕುತ್ತಾನೆ. ಶರಣರಲ್ಲಿ ಕಾಯಕದ ಜೊತೆ ದಾಸೋಹ ಇದೆ, ದುಡಿದದ್ದು ಹಂಚಿಕೆಗೆ ಹೋಗುತ್ತದೆ. ‘ಸುಮ್ನೆ ನಮ್ಮಲ್ಲೂ ಇತ್ತು ಅನ್ನಬೇಡಿ’ ಅಂದರು. ಗೆಳೆಯನಿಗೆ ಸಮಾಧಾನ ಆಗಲಿಲ್ಲ. ಕ್ಯಾಂಟೀನ್‌ನಲ್ಲೂ ಅದೇ ಜಗಳ ಮುಂದುವರಿಯಿತು.

ಡರ್ಕೈಮ್‌ನ ಪಾಠ ಬೇರೆ ಥರ ನಾಟಿತು. ಆತ್ಮಹತ್ಯೆ ಕುರಿತ ಅವನ 1897ರ ಪುಸ್ತಕ ನಿಂತಿರುವುದು ಸರ್ಕಾರಿ ಅಂಕಿ-ಅಂಶದ ಮೇಲೆ. ಒಂದು ಸಾವು ಆತ್ಮಹತ್ಯೆ ಹೌದೋ ಅಲ್ಲವೋ ಅಂತ ತೀರ್ಮಾನಿಸಿ ಬರೆಯುವವರು ಯಾರು, ಮನೆಯವರು ಎಷ್ಟು ಮುಚ್ಚಿಡುತ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಸ್ 1967ರಲ್ಲಿ ಕೇಳಿದರು. ನಮಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಪೇಪರಿನಲ್ಲಿ ‘ಹೊಟ್ಟೆನೋವು ತಾಳಲಾರದೆ’ ಅನ್ನುವ ಸಾಲು, ಹೊಸ ಸೊಸೆಯಂದಿರ ವಿಷಯದಲ್ಲಿ ‘ಸ್ಟೌ ಸಿಡಿದು’ ಅನ್ನುವ ಸಾಲು ನೋಡುತ್ತಲೇ ಬೆಳೆದವರು ನಾವು. ಅವತ್ತು ಕ್ಲಾಸಿನಲ್ಲಿ ಹೆಚ್ಚು ಮಾತಾಡಿದವರು ಹುಡುಗಿಯರೇ.

ಶ್ರಮ ವಿಭಜನೆ, ಅಂದರೆ ಸಮಾಜದಲ್ಲಿ ಕೆಲಸ ಹಂಚಿಕೆಯಾಗುವ ಬಗ್ಗೆ ಡರ್ಕೈಮ್ 1893ರಲ್ಲಿ ಬರೆದದ್ದನ್ನು ಓದುವಾಗ ಮೇಡಂ ಅಂಬೇಡ್ಕರ್ ಅವರ 1936ರ ಮಾತನ್ನು ಪಕ್ಕದಲ್ಲಿಟ್ಟರು: ಜಾತಿ ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ. ಬಲವಂತದ ಶ್ರಮ ವಿಭಜನೆ ಇದೆ ಅಂತ ಡರ್ಕೈಮ್ ಕೂಡ ಒಪ್ಪಿದ್ದ, ಆದರೆ ಅದನ್ನು ಅಸಹಜ ರೂಪ ಅಂತ ಪುಸ್ತಕದ ಕೊನೆಯ ಭಾಗಕ್ಕೆ ತಳ್ಳಿದ. ಇಲ್ಲಿ ಅದೇ ದಿನನಿತ್ಯದ್ದು. ನನ್ನ ಪ್ರಕಾರ ಆ ಸೆಮಿಸ್ಟರಿನ ಅತ್ಯಂತ ಗಟ್ಟಿ ಟೀಕೆ ಇದೇ, ಗೈಡ್‌ನಲ್ಲಿ ಮಾತ್ರ ಇರಲಿಲ್ಲ.

ಮಾರ್ಕ್ಸ್ ಕೊನೆಗೆ ಬಂದ. ಭಾರತದ ಹಳ್ಳಿ ತನ್ನಷ್ಟಕ್ಕೆ ತಾನೇ ಪೂರ್ಣ ಅಂತ ‘ಬಂಡವಾಳ’ (ದಾಸ್ ಕ್ಯಾಪಿಟಲ್) ಪುಸ್ತಕದಲ್ಲಿ ಬರೆಯುವಾಗ ಅವನು ಕೊಟ್ಟ ಆಧಾರಗಳಲ್ಲಿ ಒಂದು ಮಾರ್ಕ್ ವಿಲ್ಕ್ಸ್‌ನ ಪುಸ್ತಕ. ವಿಲ್ಕ್ಸ್ ನಮ್ಮ ಮೈಸೂರಿನಲ್ಲೇ ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದವನು! ಆ ಸ್ವಯಂಪೂರ್ಣ ಹಳ್ಳಿಯೇ ಒಂದು ಮಿಥ್ಯೆ ಅಂತ 1960ರಲ್ಲಿ ಎ.ಎಂ. ಶಾ ಜೊತೆ ಸೇರಿ ಬರೆದವರು ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೇಡಂ ಬೋರ್ಡ್ ಒರೆಸಿ, ನಿಮ್ಮ ಅಜ್ಜಿ ಊರಿಗೆ ಹೊರಗಿನಿಂದ ಏನೇನು ಬರಬೇಕಿತ್ತು ಹೇಳಿ ಅಂದರು. ಉಪ್ಪು, ಕಬ್ಬಿಣ, ಬಳೆ, ಸಂತೆಯ ಎತ್ತು. ಹಿಂದಿನ ಬೆಂಚಿನಿಂದ ಒಬ್ಬ ‘ಸೊಸೆ’ ಅಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಬೀಗತನವೂ ಜಾತಿಯ ನಂಟೂ ಊರಿನ ಗಡಿ ದಾಟಿಯೇ ಇರುತ್ತವೆ ಅನ್ನುವುದು ಶ್ರೀನಿವಾಸರ ವಾದದ ಮುಖ್ಯ ಭಾಗ ಅಂತ ಹೇಳಿ, ಕಬ್ಬಿಣದ ಕೆಳಗೆ ಅದನ್ನೂ ಬರೆದರು.