ಕೂದಲುಳಿಸಿ ಆಡಿನ ತೊಗಲು ಹದಮಾಡುವುದು: ಎರಡನೆಯ ಪ್ರಯತ್ನದ ದಾಖಲೆ

ಮೊದಲ ತೊಗಲು ಏಪ್ರಿಲ್ ತಿಂಗಳಿನಲ್ಲಿ ಹಾಳಾಯಿತು. ಜಮಖಂಡಿಯ ಮಾಂಸದಂಗಡಿಯಿಂದ ಬೆಳಿಗ್ಗೆ ತಂದದ್ದನ್ನು ಸಂಜೆಯವರೆಗೆ ಚೀಲದಲ್ಲಿಯೇ ಬಿಟ್ಟಿದ್ದೆ. ಆ ಸೆಕೆಯಲ್ಲಿ ಕೂದಲಿನ ಬುಡವನ್ನು ಹಿಡಿದಿಟ್ಟುಕೊಳ್ಳುವ ಪದರನ್ನು ಸೂಕ್ಷ್ಮಜೀವಿಗಳು ತಿಂದು ಸಡಿಲಿಸಿದ್ದವು. ನಾಲ್ಕನೆಯ ದಿನ ಹೊಟ್ಟೆಯ ಭಾಗದ ಕೂದಲು ಬೆರಳಿಗೇ ಹಿಡಿಹಿಡಿಯಾಗಿ ಬಂತು.

ನಮ್ಮ ಭಾಗದಲ್ಲಿ ತೊಗಲಿನ ಕೆಲಸಕ್ಕೆ ಕೊರತೆಯೇನೂ ಇಲ್ಲ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆದರೆ ಚಪ್ಪಲಿಯ ತೊಗಲಿಗೆ ಮೊದಲು ಸುಣ್ಣದ ಬಾನಿ, ಆಮೇಲೆ ಮರದ ತೊಗಟೆಯ ಕಷಾಯ. ಸುಣ್ಣ ಹಾಕುವುದೇ ಕೂದಲು ಕಳಚಲಿ ಎಂದು. ಆದ್ದರಿಂದ ಆ ಪದ್ಧತಿಯ ಉತ್ತರಾರ್ಧವನ್ನು ಮಾತ್ರ ಉಳಿಸಿಕೊಂಡು, ಸುಣ್ಣದ ಜಾಗಕ್ಕೆ ಉಪ್ಪು ಮತ್ತು ಪಟಕವನ್ನು (ಆಲಂ) ತಂದೆ.

ದಿನ 1, ಡಿಸೆಂಬರ್. ತೊಗಲು ಮನೆಗೆ ಬಂದ ಗಂಟೆಯೊಳಗೆ ದುಂಡು ಮರದ ಮೇಲೆ ಹಾಸಿ, ಮೊಂಡು ಕುಡುಗೋಲಿನಿಂದ ಮಾಂಸ, ಕೊಬ್ಬು, ಪೊರೆಗಳನ್ನು ಕೆರೆದು ತೆಗೆದೆ. ಉಳಿದ ತೂಕ 2 ಕಿಲೋ. ಒಳಬದಿಗೆ 1 ಕಿಲೋ ಉಪ್ಪನ್ನು ಅಂಚಿನವರೆಗೂ ತಿಕ್ಕಿ, ನೀರು ಬಸಿಯುವಂತೆ ಹಲಗೆಯನ್ನು ಓರೆಯಾಗಿಟ್ಟೆ. ಮರುದಿನ ತೊಯ್ದ ಉಪ್ಪನ್ನು ಕೊಡವಿ ಹೊಸ ಉಪ್ಪು ಹಾಕಿದೆ.

ದಿನ 4. ಅಂಟುವಾಳದ ನೀರಿನಲ್ಲಿ ತೊಳೆದು, 8 ಲೀಟರ್ ನೀರಿಗೆ 800 ಗ್ರಾಂ ಉಪ್ಪು ಮತ್ತು 400 ಗ್ರಾಂ ಪಟಕ ಕರಗಿಸಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೂರು ದಿನ ಮುಳುಗಿಸಿಟ್ಟೆ. ಪಟಕ ಕೂದಲಿನ ಬುಡವನ್ನು ಬಿಗಿಯುತ್ತದೆ, ಆದರೆ ಪಟಕದಿಂದ ಮಾತ್ರ ಹದವಾದ ತೊಗಲು ನೀರಿಗೆ ಬಿದ್ದರೆ ಮತ್ತೆ ಹಸಿಯಾಗುತ್ತದೆ; ತೊಗಟೆಯ ಒಗರು (ಟ್ಯಾನಿನ್) ಬೇಕಾಗುವುದು ಅದಕ್ಕಾಗಿಯೇ.

ದಿನ 7. ಚೆನ್ನಾಗಿ ಜಾಲಾಡಿ ತೊಗಟೆಯ ಬಾನಿಗೆ ಇಳಿಸಿದೆ. ಹೊಲದ ಬದುವಿನಲ್ಲಿ ಬಿದ್ದಿದ್ದ ಕರಿಜಾಲಿಯ ಕೊಂಬೆಗಳ ತೊಗಟೆಯನ್ನೂ ಗ್ರಂಥಿಗೆ ಅಂಗಡಿಯಿಂದ ತಂದ ಅಳಲೆಕಾಯಿಯನ್ನೂ ಜಜ್ಜಿ ಕುದಿಸಿ, ಪೂರ್ತಿ ಆರಿದ ಮೇಲೆ ಬಳಸಿದೆ. (ಸಹಾಯಕ್ಕೆ ಬಂದ ಹುಡುಗ ಮೊದಲು ಕಡಿದು ತಂದದ್ದು ಬಳ್ಳಾರಿ ಜಾಲಿ, ಅದು ಬೇರೆಯದೇ ಮರ.) ಮೊದಲ ವಾರ ಕಷಾಯ ತಿಳಿ ಚಹಾದಷ್ಟು ತೆಳುವಾಗಿರಬೇಕು. ಮೊದಲೇ ಗಟ್ಟಿ ಕಷಾಯ ಹಾಕಿದರೆ ಮೇಲ್ಪದರು ಬಿಗಿದುಕೊಂಡು, ಒಗರು ಒಳಗೆ ಇಳಿಯದೆ ನಡುವೆ ಹಸಿಯಾಗಿಯೇ ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗಟ್ಟಿ ಕಷಾಯ ಬೆರೆಸುತ್ತ ಹೋದೆ, ದಿನಕ್ಕೆರಡು ಬಾರಿ ತಿರುವಿ ಹಾಕಿದೆ. ಒಂದು ದಿನ ಅವಸರದಲ್ಲಿ ಕಬ್ಬಿಣದ ಸಲಾಕೆಯಿಂದ ತಿರುವಿದ್ದರ ಫಲವಾಗಿ ಬಿಳಿ ಕೂದಲಿನ ಮೇಲೆ ನೀಲಿಗಪ್ಪು ಕಲೆಗಳು ಮೂಡಿದವು: ಕಬ್ಬಿಣವೂ ಒಗರೂ ಸೇರಿದರೆ ಶಾಯಿಯೇ. ನಿಂಬೆರಸ ತಿಕ್ಕಿದ ಮೇಲೆ ತುಸು ತಿಳಿಯಾಯಿತು, ಪೂರ್ತಿ ಹೋಗಲಿಲ್ಲ.

ದಿನ 18. ಕುತ್ತಿಗೆಯ ಅಂಚನ್ನು ಸಣ್ಣಗೆ ಕತ್ತರಿಸಿ ನೋಡಿದೆ. ಎರಡೂ ಬದಿ ಕಂದು, ನಡುವೆ ನೂಲಿನಷ್ಟು ಬಿಳಿ ಗೆರೆ. ಮತ್ತೆ ಮುಳುಗಿಸಿದೆ. ದಿನ 27ರಂದು ಗೆರೆ ಮಾಯವಾಗಿತ್ತು.

ದಿನ 28ರಿಂದ ಎಣ್ಣೆ. ಇಲ್ಲಿ ಗಾಣದ ಕುಸುಬಿ ಎಣ್ಣೆ ಸುಲಭವಾಗಿ ಸಿಗುತ್ತದೆಯಾದರೂ ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಆದ್ದರಿಂದ ಹರಳೆಣ್ಣೆಯನ್ನು ಮೊಟ್ಟೆಯ ಹಳದಿಯೊಡನೆ ಕಡೆದು, ಉಗುರುಬೆಚ್ಚಗಿನ ನೀರು ಸೇರಿಸಿ ಒಳಬದಿಗೆ ಸವರಿದೆ. ಬಿಸಿಲಿಗೆ ಒಡ್ಡದೆ ಪಡಸಾಲೆಯ ನೆರಳಿನಲ್ಲಿ ತೂಗುಹಾಕಿ, ಅರೆ ಒಣಗಿದಾಗ ಹಲಗೆಯ ಅಂಚಿಗೆ ಹಾಕಿ ಎರಡು ದಿನ ಹಿಂದೆಮುಂದೆ ಎಳೆದೆ. ತೊಗಲು ಮೆತ್ತಗಾಗುವುದು ಎಣ್ಣೆಗಿಂತ ಹೆಚ್ಚಾಗಿ ಈ ಎಳೆದಾಟದಿಂದ. ಒಂದೇ ತೊಗಲಿಗೆ ಹೆಗಲು ಸೋತಾಗ, 12ನೆಯ ಶತಮಾನದಲ್ಲಿ ತೊಗಲು ಹದಮಾಡುವುದನ್ನೇ ಕಾಯಕವಾಗಿಸಿಕೊಂಡಿದ್ದ ಡೋಹರ ಕಕ್ಕಯ್ಯನವರು ನೆನಪಾದರು.

ಈಗಿನ ಸ್ಥಿತಿ: ಕೂದಲು ಎಲ್ಲಿಯೂ ಸಡಿಲವಿಲ್ಲ, ಬಿಳಿ ಭಾಗ ಮಾತ್ರ ಜಾಲಿಯ ಕೆಂಬಣ್ಣ ಹೀರಿದೆ. ಬೆನ್ನು, ಪಕ್ಕೆಗಳು ಮೆತ್ತಗಿವೆ. ಕುತ್ತಿಗೆ ಇನ್ನೂ ರಟ್ಟಿನಂತಿದೆ. ಅದಷ್ಟನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಉಜ್ಜುಗಲ್ಲಿನಿಂದ ತೆಳುಮಾಡಿ, ಮತ್ತೊಮ್ಮೆ ಎಣ್ಣೆ ಕೊಟ್ಟು ಎಳೆಯಬೇಕು.