ಮಕ್ಕಳ ಜೊತೆ ಸ್ಕೀಯಿಂಗ್: ರೂಮು ಬುಕ್ ಮಾಡುವ ಮುಂಚೆ ಬಾಗಿಲಿಂದ ಲಿಫ್ಟ್‌ವರೆಗಿನ ದಾರಿ ನೋಡಿ

"ಲಿಫ್ಟ್‌ಗೆ ಐದೇ ನಿಮಿಷ." ನಾವು ಬುಕ್ ಮಾಡಿದ ರೂಮಿನ ವಿವರದಲ್ಲಿ ಹೀಗೆ ಬರೆದಿತ್ತು (ಲಿಫ್ಟ್ ಅಂದರೆ ಇಲ್ಲಿ ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಯಂತ್ರ). ಅದು ಕಾರಿನಲ್ಲಿ ಐದು ನಿಮಿಷ ಅಂತ ಗೊತ್ತಾಗಿದ್ದು ಆಸ್ಟ್ರಿಯಾದ ಆ ಹಳ್ಳಿಗೆ ಹೋಗಿ ಸಾಮಾನು ಇಳಿಸಿದ ಮೇಲೆ. ನಮ್ಮ ಹತ್ತಿರ ಕಾರಿರಲಿಲ್ಲ. ಕೇಳಿದರೆ ಮಾಲೀಕರು "ಬಸ್ ಇದೆಯಲ್ಲ" ಎಂದರು. ಲಿಫ್ಟ್ ಹತ್ತಿರ ಎಂಬ ಒಂದೇ ಕಾರಣಕ್ಕೆ ಬೇರೆ ರೂಮುಗಳಿಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದೆವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಬಸ್ಸಿನ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಊರಿಗೆ ಊರೇ ಅದೇ ಬಸ್ಸಿಗೆ ಬರುತ್ತದೆ. ಮೊದಲನೆಯ ಬಸ್ಸು ತುಂಬಿಕೊಂಡು ನಿಲ್ಲಿಸದೆ ಹೋಯಿತು. ಎರಡನೆಯದರಲ್ಲಿ ನಿಲ್ಲಲು ಜಾಗ ಸಿಕ್ಕಿತು, ಅಷ್ಟೇ. ಸ್ಕೀ ಬೂಟಿನಲ್ಲಿ ಕಣಕಾಲು ಬಗ್ಗುವುದಿಲ್ಲ, ಹಾಗಾಗಿ ಬಸ್ಸು ತಿರುವು ತೆಗೆದುಕೊಂಡಾಗ ದೊಡ್ಡವರೇ ವಾಲಾಡುತ್ತಾರೆ. ಇನ್ನು ನಾಲ್ಕು ವರ್ಷದ ಮಗು? ನಿಂತವರೆಲ್ಲ ಕೈಯಲ್ಲಿ ಸ್ಕೀ, ಅಂದರೆ ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿಗಳನ್ನು ಹಿಡಿದಿದ್ದರು. ಸ್ಕೀಯ ಅಂಚು ಉಕ್ಕಿನದು, ಚೂಪಾಗಿರುತ್ತದೆ. ಅದು ಸರಿಯಾಗಿ ನಮ್ಮ ಚಿಕ್ಕವನ ಮುಖದ ಎತ್ತರಕ್ಕೆ ಬರುತ್ತಿತ್ತು. ಇಡೀ ದಾರಿ ನನ್ನ ಅಂಗೈಯನ್ನು ಅವನ ಕೆನ್ನೆಗೆ ಅಡ್ಡ ಹಿಡಿದು ನಿಂತಿದ್ದೆ. ಇಳಿದ ಮೇಲೂ ಏರು ದಾರಿ. ಇವರು ನಾಲ್ಕು ಜೊತೆ ಸ್ಕೀ ಹೊತ್ತರು, ನಾನು ಮಗುವನ್ನು ಎತ್ತಿಕೊಂಡೆ, ಏಳು ವರ್ಷದ ಮಗಳು ಪಾಪ ಹೆಲ್ಮೆಟ್‌ಗಳ ಚೀಲ ಎಳೆದುಕೊಂಡು ಬಂದಳು. ತಲುಪುವಷ್ಟರಲ್ಲಿ ಮಕ್ಕಳ ಸ್ಕೀ ಕ್ಲಾಸು ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು. ಚಿಕ್ಕವನ ಗುಂಪು ಆಗಲೇ ಮೇಲೆ ಹೋಗಿತ್ತು. ಅವನು ಹಿಮದಲ್ಲೇ ಕೂತು ಅತ್ತುಬಿಟ್ಟ. ಮೊದಲನೆಯ ದಿನ ಹೀಗೇ ಮುಗಿಯಿತು.

ಅದಕ್ಕೇ ಹೇಳುತ್ತಿದ್ದೇನೆ, ಬೆಟ್ಟ ಎಷ್ಟು ದೊಡ್ಡದು, ಎಷ್ಟು ಕಿಲೋಮೀಟರ್ ಇಳಿಜಾರಿದೆ ಅಂತ ನೋಡಲು ಹೋಗಬೇಡಿ. ಚಿಕ್ಕ ಮಕ್ಕಳು ವಾರವಿಡೀ ಆಡುವುದು ನೂರು ಮೀಟರಿನ ಒಂದೇ ಇಳಿಜಾರಿನಲ್ಲಿ. ಮಾಲೀಕರಿಗೆ ನೇರವಾಗಿ ಬರೆದು ಕೇಳಿ: ಬಾಗಿಲಿಂದ ಮಕ್ಕಳ ಲಿಫ್ಟ್‌ವರೆಗೆ ಎಷ್ಟು ಮೀಟರ್? ಸಮತಟ್ಟೋ ಏರೋ? ದಾರಿಯಲ್ಲಿ ಮೆಟ್ಟಿಲಿದೆಯಾ? ಉತ್ತರ ಬಂದ ಮೇಲೂ ಉಪಗ್ರಹ ನಕ್ಷೆಯಲ್ಲಿ ನೀವೇ ಒಮ್ಮೆ ನೋಡಿ. ಊರಿನ ಮುಖ್ಯ ಲಿಫ್ಟ್ ಒಂದು ಕಡೆ, ಮಕ್ಕಳು ಕಲಿಯುವ ಜಾಗ ಇನ್ನೊಂದು ಕಡೆ ಇರುವುದೂ ಉಂಟು.

ಎರಡನೆಯ ದಿನ ನಮ್ಮನ್ನು ಕಾಪಾಡಿದ್ದು ಬಾಡಿಗೆ ಅಂಗಡಿಯ ಹುಡುಗಿ. ಲಿಫ್ಟ್ ಬುಡದಲ್ಲೇ ರಾತ್ರಿ ಸಾಮಾನಿಡುವ ಜಾಗ ಇದೆ, ಬೂಟನ್ನೂ ಅಲ್ಲೇ ಬಿಡಬಹುದು ಎಂದಳು. ಅಲ್ಲಿ ಬೂಟಿನೊಳಗೆ ಬೆಚ್ಚಗಿನ ಗಾಳಿ ಬಿಡುವ ಕೊಳವೆಗಳೂ ಇದ್ದವು. ಬೆಳಿಗ್ಗೆ ಮಾಮೂಲಿ ಶೂ ಹಾಕಿಕೊಂಡು ಬರಿಗೈಯಲ್ಲಿ ಬಸ್ ಹತ್ತುವುದು, ಅಲ್ಲಿ ಹೋಗಿ ಒಣಗಿದ ಬೂಟು ಹಾಕಿಕೊಳ್ಳುವುದು. ಅದೇ ಬಸ್ಸು, ಆದರೆ ಮಕ್ಕಳು ಹಾಡುತ್ತಾ ಬಂದರು. ಇಂಥ ವ್ಯವಸ್ಥೆ ಬಹಳ ಕಡೆ ಇರುತ್ತದೆ, ನಾವು ಕೇಳಬೇಕು ಅಷ್ಟೇ.

ಬೂಟಿನ ವಿಷಯದಲ್ಲಿ ಸ್ವಲ್ಪ ಹಟ ಮಾಡಿ. ಅಂಗಡಿಯಲ್ಲಿ ಜನ ತುಂಬಿದ್ದಾಗ ಒಂದು ಸೈಜ್ ದೊಡ್ಡದು ಕೊಟ್ಟು ಕಳಿಸಿಬಿಡುತ್ತಾರೆ, ಯಾಕೆಂದರೆ ಕಾಲು ಸುಲಭವಾಗಿ ಒಳಗೆ ಹೋಗುತ್ತದೆ, ಮಗು ಸುಮ್ಮನಿರುತ್ತದೆ. ಸ್ಕೀ ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಮಗುವನ್ನು ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ ಅಳೆದುಕೊಂಡು ಹೋಗಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ಲಘುವಾಗಿ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಸಾಕ್ಸ್ ಒಂದೇ ಜೊತೆ, ತೆಳುವಾದದ್ದು, ಮೊಣಕಾಲವರೆಗೆ ಉದ್ದ ಇರುವಂಥದ್ದು. ಬೆಚ್ಚಗಿರಲಿ ಅಂತ ನಾನು ಮಗಳಿಗೆ ಎರಡು ಜೊತೆ ಹಾಕಿದ್ದೆ. ಸಂಜೆ ಬಿಚ್ಚಿ ನೋಡಿದರೆ ಸಾಕ್ಸಿನ ಮಡಿಕೆ ಒತ್ತಿ ಕಾಲಿನ ಮೇಲೆ ಬೆರಳಗಲದ ಕೆಂಪು ಗೆರೆ. ಒಳಗಿನ ಪ್ಯಾಂಟನ್ನೂ ಬೂಟಿನೊಳಗೆ ತುರುಕಬೇಡಿ.

ಬಾಡಿಗೆ ಫಾರ್ಮಿನಲ್ಲಿ ಮಗುವಿನ ತೂಕ, ಎತ್ತರ ಸರಿಯಾಗಿ ಬರೆಯಿರಿ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿಯನ್ನು ಅದನ್ನೇ ನೋಡಿ ಹೊಂದಿಸುತ್ತಾರೆ. ತಪ್ಪಾದರೆ ಕಾಲಿಗೇ ಪೆಟ್ಟು. ಶುರು ಮಾಡುವ ಮಕ್ಕಳಿಗೆ ಸ್ಕೀ ಎದೆಯಿಂದ ಗಲ್ಲದ ನಡುವಿನ ಉದ್ದ ಇದ್ದರೆ ಸಾಕು, ಕೈಯಲ್ಲಿ ಹಿಡಿಯುವ ಕೋಲು ಬೇಡವೇ ಬೇಡ. ಹೆಲ್ಮೆಟ್ ಮಾತ್ರ ಬಿಡುವ ಹಾಗೇ ಇಲ್ಲ. ಇಟಲಿಯಲ್ಲಿ 14 ವರ್ಷದೊಳಗಿನವರಿಗೆ 2005ರಲ್ಲೇ ಕಡ್ಡಾಯ ಮಾಡಿದರು, 2022ರಲ್ಲಿ ಅದನ್ನು 18ರೊಳಗಿನ ಎಲ್ಲರಿಗೂ, 2025ರಲ್ಲಿ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿದರು. ಕಾನೂನು ಇರಲಿ, ಬಿಡಲಿ, ಹಾಕಿಸಿ.

ಕ್ಲಾಸು ಬೆಳಗಿನ ಹೊತ್ತು ಮಾತ್ರ ಸಾಕು. ಇಡೀ ದಿನದ್ದು ತೆಗೆದುಕೊಂಡ ಪಕ್ಕದ ರೂಮಿನವರ ಮಗು ಮೂರನೆಯ ದಿನವೇ ಬರುವುದಿಲ್ಲ ಅಂತ ಹಟ ಹಿಡಿಯಿತು. ನಾವೇ ಕಲಿಸುತ್ತೇವೆ ಅಂತಲೂ ಹೊರಡಬೇಡಿ, ಮಕ್ಕಳು ಟೀಚರ್ ಮಾತು ಕೇಳುವಷ್ಟು ನಮ್ಮ ಮಾತು ಕೇಳುವುದಿಲ್ಲ. ಚಿಕ್ಕವನ ಟೀಚರ್ ಹಿಮದ ಮೇಲೆ ಬೆರಳಿನಿಂದ ತ್ರಿಕೋನ ಬರೆದು "ಪಿಜ್ಜಾ" ಎಂದರು. ಸ್ಕೀಗಳ ಮುಂತುದಿ ಹತ್ತಿರ, ಹಿಂಭಾಗ ಅಗಲ. ಹಾಗೆ ಮಾಡಿದರೆ ವೇಗ ಕಡಿಮೆಯಾಗುತ್ತದೆ, ನಿಲ್ಲಬಹುದು. ಮಕ್ಕಳನ್ನು ಮೇಲಕ್ಕೆ ಒಯ್ಯುವುದು ಮ್ಯಾಜಿಕ್ ಕಾರ್ಪೆಟ್, ಅಂದರೆ ನೆಲಕ್ಕೆ ಅಂಟಿಕೊಂಡು ನಿಧಾನವಾಗಿ ಚಲಿಸುವ ಬೆಲ್ಟ್. ಅದರ ಮೇಲೆ ನಿಂತರೆ ಸಾಕು. ಅದು ಇಲ್ಲದ ಕಡೆ ಐದು ವರ್ಷದೊಳಗಿನವರನ್ನು ಕರೆದೊಯ್ಯಬೇಡಿ ಅಂತಲೇ ನಾನು ಹೇಳುವುದು. ನಾಲ್ಕನೆಯ ದಿನ ನಮ್ಮವನು ಯಾರೂ ಹಿಡಿಯದೆ ಕೆಳಗೆ ಬಂದು, ತಾನೇ ಪಿಜ್ಜಾ ಮಾಡಿ ನಿಂತ. ನಾನು ಬೇಲಿಯ ಹಿಂದೆ ನಿಂತು ನೋಡುತ್ತಿದ್ದೆ. ನಾನು ಕಂಡರೆ ಓಡಿ ಬರುತ್ತಾನೆ ಅಂತ ಟೀಚರ್ ಹೇಳಿದ್ದರು.

ಇಳಿಜಾರು ಎಷ್ಟು ಕಷ್ಟ ಅಂತ ತೋರಿಸುವ ಬಣ್ಣದ ಗುರುತಿನಲ್ಲಿ ಒಂದು ಗೊಂದಲ ಇದೆ. ಫ್ರಾನ್ಸಿನಲ್ಲಿ ಎಲ್ಲಕ್ಕಿಂತ ಸುಲಭದ್ದು ಹಸಿರು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಯಲ್ಲಿ ಸುಲಭದ್ದಕ್ಕೆ ನೀಲಿ. ಅಮೆರಿಕದಲ್ಲಿ ನೀಲಿ ಅಂದರೆ ಮಧ್ಯಮ ಮಟ್ಟ. ಒಂದು ದೇಶದಲ್ಲಿ ನೀಲಿ ಇಳಿದ ಮಗುವನ್ನು ಇನ್ನೊಂದು ದೇಶದ ನೀಲಿಗೆ ಧೈರ್ಯವಾಗಿ ಬಿಡಬೇಡಿ.

ಈಗ ಊಟದ ಮಾತು. ಬೆಟ್ಟದ ಮೇಲಿನ ದೊಡ್ಡ ಹೋಟೆಲುಗಳಿಗೆ ಹೋಗಬೇಡಿ. ದುಬಾರಿ ಅಷ್ಟೇ ಅಲ್ಲ, ನಾವು ಹೋದಲ್ಲಿ ಟಾಯ್ಲೆಟ್ ನೆಲಮಾಳಿಗೆಯಲ್ಲಿತ್ತು. ಬೂಟು ಹಾಕಿದ ಮಗುವನ್ನು ಒದ್ದೆ ಮೆಟ್ಟಿಲಲ್ಲಿ ಇಳಿಸಿ, ಐದು ಪದರ ಬಟ್ಟೆ ಬಿಚ್ಚಿ, ಮತ್ತೆ ಹತ್ತಿಸುವಷ್ಟರಲ್ಲಿ ಊಟ ಆರಿಹೋಗಿತ್ತು. ಆಮೇಲೆ ಸಿಕ್ಕಿದ್ದು ಮಕ್ಕಳ ಇಳಿಜಾರಿನ ಕೊನೆಯಲ್ಲಿದ್ದ ಮರದ ಪುಟ್ಟ ಗುಡಿಸಲು. ಒಳಗೆ ಆರೇಳು ಮೇಜು, ನಡುವೆ ಸೌದೆ ಒಲೆ, ಅದರ ಸುತ್ತ ಕಂಬಿ. ಒಳಗೆ ಕಾಲಿಡುತ್ತಿದ್ದ ಹಾಗೆ ಅಲ್ಲಿನ ಅಜ್ಜಿ ಮಕ್ಕಳ ಗ್ಲೌಸ್ ಇಸಿದುಕೊಂಡು ಕಂಬಿಗೆ ಸಿಕ್ಕಿಸುತ್ತಿದ್ದರು. ಊಟ ಮುಗಿಯುವಷ್ಟರಲ್ಲಿ ಗ್ಲೌಸ್ ಒಣಗಿ ಬೆಚ್ಚಗಾಗಿರುತ್ತಿತ್ತು. ದಪ್ಪನೆಯ ತರಕಾರಿ ಸೂಪು, ಅದರ ಜೊತೆ ಬ್ರೆಡ್ಡು. ಒಂದು ಬಟ್ಟಲು ತೆಗೆದುಕೊಂಡರೂ ಎರಡು ಚಮಚ, ಎರಡು ಖಾಲಿ ಬಟ್ಟಲು ತಾವಾಗಿಯೇ ತಂದಿಡುತ್ತಿದ್ದರು. ಟಾಯ್ಲೆಟ್ ಅದೇ ನೆಲದಲ್ಲಿ, ಬಾಗಿಲ ಪಕ್ಕ. ಮೇಲಿನ ಹೋಟೆಲಲ್ಲಿ ಒಬ್ಬರಿಗಾದ ಖರ್ಚಿನಲ್ಲಿ ಇಲ್ಲಿ ನಾಲ್ಕೂ ಜನರ ಹೊಟ್ಟೆ ತುಂಬಿತು. ಎಲ್ಲೇ ಹೋದರೂ ಮಕ್ಕಳ ಇಳಿಜಾರಿನ ಸುತ್ತ ಇಂಥದ್ದನ್ನು ಹುಡುಕಿ, ಹನ್ನೊಂದೂವರೆಗೇ ಹೋಗಿ ಕೂತುಬಿಡಿ. ಹನ್ನೆರಡೂವರೆಗೆ ಜಾಗ ಇರುವುದಿಲ್ಲ.

ಗ್ಲೌಸ್ ಅಂದೆನಲ್ಲ, ಚಿಕ್ಕವರಿಗೆ ಐದು ಬೆರಳಿನದ್ದು ಬೇಡ. ಬೆರಳೆಲ್ಲ ಒಟ್ಟಿಗೆ ಇರುವುದು ಹೆಚ್ಚು ಬೆಚ್ಚಗೆ, ಹಾಕಿಸುವುದೂ ಸುಲಭ. ಎರಡು ಜೊತೆ ಇಟ್ಟುಕೊಳ್ಳಿ. ಕುತ್ತಿಗೆಗೆ ಮಫ್ಲರ್ ಸುತ್ತಬೇಡಿ, ಲಿಫ್ಟ್‌ಗೆ ಸಿಕ್ಕಿಕೊಂಡರೆ ಅಪಾಯ. ಕೊಳವೆಯಂತೆ ತಲೆಯಿಂದ ಇಳಿಸುವ ಪಟ್ಟಿ ಸಿಗುತ್ತದೆ, ಅದು ಒಳ್ಳೆಯದು. ಚಳಿಯಲ್ಲಿ ಯಾರಿಗೂ ನೆನಪಾಗದ್ದು ಸನ್‌ಸ್ಕ್ರೀನ್. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಪ್ರತಿ ಸಾವಿರ ಮೀಟರ್ ಮೇಲೆ ಹೋದ ಹಾಗೆ ಆ ಕಿರಣಗಳು ಸುಮಾರು ಶೇ. 10ರಷ್ಟು ಜಾಸ್ತಿ ಆಗುತ್ತವೆ. ಬೆಳಕು ಕೆಳಗಿನಿಂದಲೂ ಬರುವುದರಿಂದ ಗಲ್ಲದ ಅಡಿ, ಮೂಗಿನ ಅಡಿ ಮರೆಯದೆ ಹಚ್ಚಿ.

ಯುರೋಪಿನ ಬಹಳಷ್ಟು ಶಾಲೆಗಳಿಗೆ ಫೆಬ್ರವರಿಯಲ್ಲಿ ರಜೆ ಬರುತ್ತದೆ. ನನಗೆ ಜನಜಂಗುಳಿ ಆಗುವುದಿಲ್ಲ, ಆದ್ದರಿಂದ ಆ ವಾರಗಳಿಗೆ ಖಂಡಿತ ಬೇಡ ಅನ್ನುತ್ತೇನೆ. ಜನವರಿ ನಡುವೆ ಖಾಲಿ ಇರುತ್ತದೆ, ಆದರೆ ಚಳಿ ಜೋರು. ಮಾರ್ಚಿನಲ್ಲಿ ಹಗಲು ಉದ್ದ, ಬಿಸಿಲು ಹಿತ, ಮಧ್ಯಾಹ್ನ ಹಿಮ ಮೆತ್ತಗಾಗುತ್ತದೆ. ಎತ್ತರದ ಜಾಗ ಆರಿಸಿದರೆ ಚಿಕ್ಕ ಮಕ್ಕಳಿಗೆ ಅದೇ ಸರಿ. ವಿಮೆಯಲ್ಲಿ ಸ್ಕೀಯಿಂಗ್ ಅಂತ ಬರೆದಿದೆಯಾ, ಬೆಟ್ಟದಿಂದ ಇಳಿಸಿ ತರುವ ಖರ್ಚು ಸೇರಿದೆಯಾ, ಓದಿಕೊಂಡೇ ಹೊರಡಿ.

ಬರುವ ಮಾರ್ಚಿಗೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ಎರಡೇ ಲಿಫ್ಟ್ ಇರುವ ಚಿಕ್ಕ ಊರಿಗೆ. ರೂಮಿನವರಿಗೆ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದು ಕಳಿಸಿ ಅಂತ ಕೇಳಿದ್ದೆ. ಕಳಿಸಿದ್ದಾರೆ. ಬೇಲಿಯ ಆಚೆ ಮ್ಯಾಜಿಕ್ ಕಾರ್ಪೆಟ್ ಕಾಣುತ್ತಿದೆ.